ಕಡ್ಡಿ ಓಡಿದ ಭಾನುವಾರ

"ಕೂತ್ಕೋ," ಎಂದು ಅವನು ಮತ್ತೊಮ್ಮೆ ಹೇಳಿದ. ಈ ಸಲ ದನಿ ತಗ್ಗಿಸಿ, ಮನೆಗೆ ಬಂದ ಅಪರಿಚಿತರಿಗೆ ಕುರ್ಚಿ ತೋರಿಸುವವನ ಹಾಗೆ. ನಾಯಿ ಕೂರಲಿಲ್ಲ. ಉದ್ದನೆಯ ಕಾಲುಗಳ ಮೇಲೆ ಮೇಜಿನಂತೆ ನಿಂತು, ಮೈದಾನದಾಚೆ ಯಾರೋ ತನ್ನನ್ನು ಕೂಗಿದರೇನೋ ಎಂಬಂತೆ ಬೇರೆಲ್ಲೋ ನೋಡುತ್ತಿತ್ತು. ಸುತ್ತಲಿನ ನಾಯಿಗಳೆಲ್ಲ ಕೂತಿದ್ದವು. ಕ್ಷೌರದಂಗಡಿಯವನ ಪುಟ್ಟ ಬಿಳಿ ನಾಯಿಯಂತೂ ಹೇಳುವ ಮೊದಲೇ ಕೂತು ಹೊಗಳಿಕೆಗೆ ಕಾಯುತ್ತಿತ್ತು.

ತರಬೇತಿ ಕೊಡುತ್ತಿದ್ದಾಕೆ ಹಿಂದೆ ಶಾಲೆಯಲ್ಲಿ ವ್ಯಾಯಾಮದ ಟೀಚರ್ ಆಗಿದ್ದವರು. ಜನರ ಹೆಸರು ನೆನಪಿಟ್ಟುಕೊಳ್ಳುವ ಗೋಜಿಗೆ ಹೋಗದೆ ಎಲ್ಲರನ್ನೂ ಅವರವರ ನಾಯಿಯ ಅಪ್ಪ, ಅಮ್ಮ ಎಂದೇ ಕರೆಯುತ್ತಿದ್ದರು. ಅವರು ಬಂದು ನಾಯಿಯ ತೊಡೆ ಮುಟ್ಟಿ ನೋಡಿದರು. ಗ್ರೇಹೌಂಡ್‌ನಂಥ ಓಟದ ನಾಯಿಗಳಿಗೆ ಕೂರುವುದೇ ಹಿಂಸೆ, ಮಲಗುವುದನ್ನು ಹೇಳಿಕೊಡಿ ಎಂದರು. ಅವನು ಮಲಗು ಎಂದ. ನಾಯಿ ಆಕಳಿಸಿತು. ತಾನು ಹಿಂದೆ ಸರಿದು, ಬಾ ಎಂದ. ಅದು ಬರಲೂ ಇಲ್ಲ, ಹೋಗಲೂ ಇಲ್ಲ.

"ಕಡ್ಡಿ ಅಪ್ಪ, ಒಂದು ಮಾತು ಹೇಳ್ಲಾ?" ಎಂದರು ಟೀಚರ್. "ಬಾಯಲ್ಲಿ ಬಾ ಅಂತೀರಿ. ಮೈಯೆಲ್ಲಾ ಮುಂದಕ್ಕೆ ಬಗ್ಗಿಸಿ ಅದನ್ನ ಹಿಂದಕ್ಕೆ ತಳ್ತೀರಿ. ಅದು ಯಾವುದನ್ನ ನಂಬಬೇಕು?"

ತಾನು ಬಗ್ಗುತ್ತಿರುವುದು ತನಗೆ ಗೊತ್ತೇ ಇರಲಿಲ್ಲ ಎಂದು ಅವನು ಒಪ್ಪಿಕೊಂಡ.

"ಅದಕ್ಕೂ ಗೊತ್ತಾಗ್ತಿಲ್ಲ," ಎಂದು ಅವರು ಮುಂದಿನ ನಾಯಿಯ ಕಡೆ ಹೋದರು.

ಅವನದು ಮನೆಯಲ್ಲೇ ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹಾಕಿಕೊಡುವ ಕೆಲಸ. ಹಳೆಯ ಬಟ್ಟೆ ಹರಿದು ತೆಗೆದರೆ ಒಳಗಿನ ಸ್ಪ್ರಿಂಗು ಎಲ್ಲಿ ಸೋತಿದೆ, ಮರ ಎಲ್ಲಿ ಬಿರುಕು ಬಿಟ್ಟಿದೆ ಎಂದು ನೋಡಿದ ಕೂಡಲೇ ಹೇಳಬಲ್ಲ. ಮನುಷ್ಯರ ವಿಷಯದಲ್ಲಿ ಈ ಜಾಣ್ಮೆ ಕೆಲಸಕ್ಕೆ ಬರುತ್ತಿರಲಿಲ್ಲ. ಹೆಂಡತಿ ಏನು ಕೇಳಿದರೂ "ನೋಡೋಣ" ಎನ್ನುವುದು ಅವನ ರೂಢಿ. ಊರು ಸುತ್ತಿ ಬರೋಣವೆ, ನೋಡೋಣ. ಗೋಡೆಗೆ ಬಣ್ಣ ಹೊಡೆಸೋಣವೆ, ನೋಡೋಣ. ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಕೆಲಸ ಮಾಡುವ ಅವಳು, ರೇಸಿನಿಂದ ಕೈಬಿಟ್ಟ ನಾಯಿಯೊಂದಿದೆ, ತರಲೇ ಎಂದು ಕೇಳಿದಾಗಲೂ ಅದನ್ನೇ ಅಂದಿದ್ದ. ಒಂದು ಸಂಜೆ ಅವಳು ತಂದೇಬಿಟ್ಟಳು. ಬಾಗಿಲಲ್ಲಿ ನಿಂತ ಪ್ರಾಣಿಯನ್ನು ನೋಡಿ ಅವನು, ಇದೇನು ಕಡ್ಡಿ ಹಾಗಿದೆ ಎಂದ. ಅವಳು ನಕ್ಕಳು. ಹೆಸರು ಅಲ್ಲಿಗೇ ನಿಂತಿತು.

ಚಳಿ ಕಳೆಯುವ ಹೊತ್ತಿಗೆ ಅವಳು ಊರಿನ ಇನ್ನೊಂದು ತುದಿಯಲ್ಲಿದ್ದ ಅಕ್ಕನ ಮನೆಗೆ ಹೊರಟಳು. ಮಾತಿಗೆ ಮಾತು ಬೆಳೆದಿರಲಿಲ್ಲ, ಒಂದು ತಟ್ಟೆಯೂ ಒಡೆದಿರಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು, "ಒಂದು ಸಲ ಜಗಳ ಆಡಿದ್ರೂ ಆಗ್ತಿತ್ತು," ಎಂದಳು. ಅವಳು ಬೇರೆ ಯಾರದೋ ಸುದ್ದಿ ಹೇಳುತ್ತಿದ್ದಾಳೆಂದು ಅವನಿಗೆ ಒಂದು ಕ್ಷಣ ಅನಿಸಿತು. ಎಷ್ಟು ದಿನ ಎಂದು ಕೇಳಿದ. ತನಗೂ ತಿಳಿಯದು ಎಂದಳು. ಅಕ್ಕ ಬೆಕ್ಕು ಸಾಕಿದ್ದರಿಂದ ನಾಯಿ ಇಲ್ಲೇ ಉಳಿಯಿತು.

ಕೆಲವು ದಿನಗಳ ಮೇಲೆ ಟೀಚರ್ ಫೋನ್ ಮಾಡಿ, ನಿಮ್ಮ ಮನೆಯವರು ನಾಯಿಯ ಹೆಸರು ಬರೆಸಿದ್ದಾರೆ, ತರಗತಿ ಶುರುವಾಗಿದೆ, ಯಾಕೆ ಬಂದಿಲ್ಲ ಎಂದು ವಿಚಾರಿಸಿದರು. ಹೆಂಡತಿ ಮನೆಯಲ್ಲಿಲ್ಲ ಎಂದು ಹೇಳಲು ಅವನಿಗೆ ನಾಲಿಗೆ ಹೊರಳಲಿಲ್ಲ. "ಬರ್ತೀವಿ," ಎಂದುಬಿಟ್ಟ. ಹಾಗೆಂದ ಮೇಲೆ ಹೋಗದೆ ವಿಧಿಯಿರಲಿಲ್ಲ.

ಹೀಗೆ ಭಾನುವಾರಗಳು ಕಳೆದವು. ಆಜ್ಞೆ ಪಾಲಿಸುವ ಪಾಠದಲ್ಲಿ ಕಡ್ಡಿಗೆ ಬಂದದ್ದು ಒಂದೇ, ನಿಂತಲ್ಲಿ ನಿಲ್ಲುವುದು. ಅದರಲ್ಲಿ ಅದನ್ನು ಮೀರಿಸುವವರು ಇರಲಿಲ್ಲ. ಆದರೆ ಹೇಳಿದ್ದಕ್ಕೆ ನಿಂತಿದೆಯೋ, ಹೇಗೂ ನಿಂತಿತ್ತೋ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಆಮೇಲೆ ಅಜಿಲಿಟಿ, ಅಂದರೆ ಅಡೆತಡೆ ದಾಟುವ ಪಾಠ ಬಂತು. ಅಡ್ಡಪಟ್ಟಿ ಹಾರುವುದು, ಬಟ್ಟೆಯ ಸುರಂಗದಲ್ಲಿ ನುಗ್ಗುವುದು, ಸಾಲುಕೋಲುಗಳ ನಡುವೆ ಅಂಕುಡೊಂಕಾಗಿ ಸಾಗುವುದು. ಜೊತೆಯಲ್ಲಿ ಓಡಿ ಹುರಿದುಂಬಿಸಿ ಎಂದರು ಟೀಚರ್. ಅವನು ಓಡಿದ. ಹುಮ್ಮಸ್ಸಿನಲ್ಲಿ ಅಡ್ಡಪಟ್ಟಿಯನ್ನು ತಾನೇ ಹಾರಿಬಿಟ್ಟ. ಕಡ್ಡಿ ಪಕ್ಕದಿಂದ ಸುತ್ತಿ ಬಂದು, ಇವನಿಗೇನಾಯಿತು ಎಂಬಂತೆ ಮುಖ ನೋಡಿತು. ನೀವಂತೂ ಪಾಸು ಎಂದ ಕ್ಷೌರದಂಗಡಿಯವನು.

ಮನೆಯಲ್ಲಿ ಅವನೂ ನಾಯಿಯೂ ಒಬ್ಬರ ಹಾದಿಗೆ ಇನ್ನೊಬ್ಬರು ಸಿಗದಂತೆ ಓಡಾಡುತ್ತಿದ್ದರು. ಗಿರಾಕಿಗಳ ಸೋಫಾದ ಮೇಲೆ ನಾಯಿ ಕಾಲು ಚಾಚಿ ಮಲಗುತ್ತಿತ್ತು, ಅವನು ಅದರ ಕೂದಲನ್ನು ಒಂದೊಂದಾಗಿ ಆರಿಸಿ ಸೋಫಾ ಕಳಿಸುತ್ತಿದ್ದ. ಹೆಂಡತಿ ಆಗಾಗ ಫೋನ್ ಮಾಡುತ್ತಿದ್ದಳು. ಮಾತೆಲ್ಲ ನಾಯಿಯದೇ. ತಿಂದಿತೇ, ರಾತ್ರಿ ಅಳುತ್ತದೆಯೇ. ಅವನೂ ಅಷ್ಟಕ್ಕೇ ಉತ್ತರ ಕೊಡುತ್ತಿದ್ದ. ಫೋನ್ ಇಟ್ಟ ಮೇಲೆ, ಅವಳು ಕೇಳಿದ್ದು ನಾಯಿಯನ್ನೇ ತಾನೇ ಎಂಬ ಅನುಮಾನ ಹುಟ್ಟಿ, ಕೈಯಲ್ಲಿದ್ದ ಸುತ್ತಿಗೆ ಯಾವ ಮೊಳೆಗೆಂದು ಮರೆತು ನಿಲ್ಲುತ್ತಿದ್ದ.

ಕೊನೆಯ ತರಗತಿಯ ದಿನ ಮನೆಯವರೆಲ್ಲ ಬಂದು ನೋಡಬಹುದು ಎಂದು ಟೀಚರ್ ಎಲ್ಲರಿಗೂ ಸಂದೇಶ ಕಳಿಸಿದ್ದರು. ಅದು ಹೆಂಡತಿಗೂ ಹೋಗಿರಬಹುದೆಂದು ಅವನಿಗೆ ಹೊಳೆಯಲಿಲ್ಲ. ಬಿಳಿ ನಾಯಿ ತಪ್ಪಿಲ್ಲದೆ ಸುತ್ತು ಮುಗಿಸಿ ಚಪ್ಪಾಳೆ ಗಿಟ್ಟಿಸಿತು. ಕಡ್ಡಿಯ ಸರದಿ ಬಂತು. ಟೀಚರ್ ಕೊರಳಪಟ್ಟಿಗೆ ಕಟ್ಟಿದ ಹಗ್ಗ ಬಿಚ್ಚಲು ಹೇಳಿದರು. ಬಿಚ್ಚಿದ.

ಕಡ್ಡಿ ಮೊದಲ ಪಟ್ಟಿಯನ್ನು ಹಾರಿತು. ಎರಡನೆಯದನ್ನೂ. ಅವನು ಖುಷಿಪಡುವಷ್ಟರಲ್ಲಿ ಅದು ದಾರಿ ಬಿಟ್ಟು ಬೇಲಿಯಗುಂಟ ತಿರುಗಿತು. ಬೆನ್ನು ಬಿಲ್ಲಿನಂತೆ ಬಾಗಿ ಬಿಚ್ಚಿಕೊಂಡಿತು. ಕಾಲುಗಳು ನೆಲ ಮುಟ್ಟುತ್ತಿವೆಯೋ ಇಲ್ಲವೋ ತಿಳಿಯದಾಯಿತು. ಮಾತಾಡುತ್ತಿದ್ದವರು ಸುಮ್ಮನಾದರು, ಉಳಿದ ನಾಯಿಗಳೂ ಬೊಗಳುವುದನ್ನು ನಿಲ್ಲಿಸಿದವು. ಇಷ್ಟು ದಿನ ಗಿರಾಕಿಗಳ ಸೋಫಾ ಮೇಲೆ ಮೂಟೆಯ ಹಾಗೆ ಬಿದ್ದಿರುತ್ತಿದ್ದ ಪ್ರಾಣಿ ಇದೇ ಏನು ಎಂದು ಅವನು ಬೆಪ್ಪಾಗಿ ನಿಂತ. ಎದೆಯೊಳಗೆ ಎದ್ದದ್ದು ಹೆಮ್ಮೆಯೋ ಹೆದರಿಕೆಯೋ ಗೊತ್ತಾಗಲಿಲ್ಲ. ಆಗಲೇ ಗೇಟಿನಲ್ಲಿ ಹೆಂಡತಿ ಕಂಡಳು. ಒಳಗೆ ಬರಲೆಂದು ಗೇಟು ತಳ್ಳಿದವಳು ಓಟ ನೋಡುತ್ತ ಅಲ್ಲೇ ಮೈಮರೆತಿದ್ದಳು. ಗೇಟು ತೆರೆದೇ ಇತ್ತು. ಹಿಂದೆ ರಸ್ತೆ.

ಅವನು ಬಾಯಿ ತೆರೆದ. ಎರಡು ಹೆಸರು ಒಟ್ಟಿಗೆ ನಾಲಿಗೆಗೆ ಬಂದವು. ಒಂದೂ ಹೊರಬರಲಿಲ್ಲ. ಕಡ್ಡಿ ಅವಳ ಮೊಣಕಾಲಿನ ಪಕ್ಕದಲ್ಲೇ ನುಸುಳಿ ರಸ್ತೆಗೆ ಇಳಿಯಿತು. ಒಂದು ಲಾರಿ ಕಿರುಗುಟ್ಟಿ ನಿಂತಿತು. ಅವನು ಗೇಟಿಗೆ ಬರುವಷ್ಟರಲ್ಲಿ ತಿರುವಿನಲ್ಲಿ ಏನೂ ಉಳಿದಿರಲಿಲ್ಲ.

ಇಬ್ಬರೂ ಅವನ ವ್ಯಾನು ಹತ್ತಿದರು. ಹಿಂದೆ ಫೋಮಿನ ಹಾಳೆಗಳು ಓಲಾಡುತ್ತಿದ್ದವು. ಅವಳು ಕಿಟಕಿಯಿಂದ ತಲೆ ಹೊರಹಾಕಿ ಹೋಗಿಬರುವವರನ್ನೆಲ್ಲ ವಿಚಾರಿಸಿದಳು. ಟೈರಿನಂಗಡಿಯವರು ಕಂಡಿಲ್ಲ ಎಂದರು. ಇಸ್ತ್ರಿ ಅಂಗಡಿಯವನು, ಕುದುರೆಮರಿಯ ಹಾಗಿತ್ತಲ್ಲ, ಅದೇ ತಾನೇ ಎಂದು ಕೆಳಗಿನ ಬೀದಿ ತೋರಿಸಿದ. ಆ ಬೀದಿ ಮುಗಿದರೂ ನಾಯಿಯ ಸುಳಿವಿರಲಿಲ್ಲ.

"ಗೇಟು ನಾನೇ ತೆಗೆದಿಟ್ಟೆ," ಎಂದಳು ಅವಳು.

"ನಾನು ಕರೀಬೇಕಿತ್ತು."

"ಯಾರನ್ನ?"

ಅವನು ಗೇರು ಬದಲಿಸಿದ. ಸುಳ್ಳು ಹೇಳುವುದು ಅವನಿಗೆ ಬೇಕಿರಲಿಲ್ಲ, ನಿಜ ಯಾವುದೆಂದು ಗೊತ್ತಿರಲಿಲ್ಲ. ಅವಳು ತಲೆ ಪುನಃ ಕಿಟಕಿಯ ಹೊರಗೆ ಹಾಕಿದಳು. ಗಾಳಿಗೆ ಅವಳ ಕೂದಲು ಕೆದರಿ ಕಿಟಕಿಯ ಚೌಕಟ್ಟಿಗೆ ಬಡಿಯುತ್ತಿತ್ತು.

ಕೆರೆಯ ಬದಿಯ ಬಸ್ ನಿಲ್ದಾಣದಲ್ಲಿ ಕಡ್ಡಿ ಸಿಕ್ಕಿತು. ಬಸ್ಸಿಗೆ ಕಾಯುವವರ ಸಾಲಿನಲ್ಲಿ, ತನಗೂ ಎಲ್ಲಿಗೋ ಹೋಗುವುದಿದೆ ಎಂಬಂತೆ ಏದುಸಿರು ಬಿಡುತ್ತ ನಿಂತಿತ್ತು. ಒಬ್ಬ ಮುದುಕಿ ಅದರ ಕೊರಳಪಟ್ಟಿಗೆ ಒಂದು ಬೆರಳು ಸಿಕ್ಕಿಸಿ ಹಿಡಿದಿದ್ದಳು.

"ನಿಮ್ಮದಾ? ಪಾಪ, ಆಗಿನಿಂದ ಕಾಯ್ತಾ ಇದೆ," ಎಂದಳು.

ಇಬ್ಬರೂ ಹೌದು ಎಂದರು. ಹೆಂಡತಿ ನೆಲದ ಮೇಲೆ ಮಂಡಿಯೂರಿ, ರಕ್ತ ಜಿನುಗುತ್ತಿದ್ದ ಮುಂಗಾಲನ್ನು ಕೈಗೆ ತೆಗೆದುಕೊಂಡಳು. ದಿನವಿಡೀ ಇತರರ ಮೂಳೆ ನೋಡುವ ಬೆರಳುಗಳು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಒತ್ತಿ ನೋಡಿದವು. ಮುರಿದಿಲ್ಲ, ಉಗುರು ಕಿತ್ತುಹೋಗಿದೆ ಅಷ್ಟೇ ಎಂದಳು. ಅವನು ಕರವಸ್ತ್ರ ಕೊಟ್ಟ. ಅವಳು ಕಟ್ಟುವಾಗ ಅವನು ಗಂಟಿನ ಮೇಲೆ ಬೆರಳಿಟ್ಟು ಹಿಡಿದ. ಕಡ್ಡಿ ತನ್ನ ಮೈಭಾರವನ್ನೆಲ್ಲ ಅವನ ತೊಡೆಗೆ ಆನಿಸಿತು.

ಬಸ್ಸು ಬಂತು. ಅವಳ ಅಕ್ಕನ ಮನೆಯ ಕಡೆಗೇ ಹೋಗುವುದು. ಮುದುಕಿ ಹತ್ತಿದಳು, ಉಳಿದವರೂ ಹತ್ತಿದರು. ಹೆಂಡತಿ ಎದ್ದು ಮಂಡಿಯ ಧೂಳು ಒರೆಸಿಕೊಂಡಳು. ಚಾಲಕ ಬಾಗಿಲು ಮುಚ್ಚದೆ ಅವರ ಕಡೆ ನೋಡಿದ.

"ಇದರಲ್ಲಿ ಹೋಗ್ಬೇಡ," ಎಂದ ಅವನು ಹೆಂಡತಿಗೆ.

ಹೇಳಿದ್ದು ತಾನೇ ಎಂದು ಅವನಿಗೆ ನಂಬಿಕೆ ಬರಲಿಲ್ಲ. ಅವಳು ತಿರುಗಿ ನೋಡಿದಳು. ಇನ್ನೂ ಏನಾದರೂ ಹೇಳಬೇಕೆಂದು ಅವನು ತಡಕಾಡಿದ.

"ಆಮೇಲೇನು ಅಂತ ನನಗೆ ಗೊತ್ತಿಲ್ಲ."

"ನನಗೂ," ಎಂದಳು ಅವಳು. ಮುಂದಿನ ಬಸ್ಸು ಯಾವಾಗ ಎಂದು ಚಾಲಕನನ್ನು ಕೇಳಿದಳು. ಭಾನುವಾರ, ಹೇಳಲಾಗದು, ಬಂದಾಗ ಬರುತ್ತದೆ ಎಂದ ಚಾಲಕ. ಬಾಗಿಲು ಮುಚ್ಚಿಕೊಂಡಿತು. ಬಸ್ಸು ಹೊಗೆ ಬಿಟ್ಟು ಹೊರಟಿತು.

ಅವರು ಬೆಂಚಿನ ಮೇಲೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ಕಡ್ಡಿ ಆ ಜಾಗದ ಮುಂದೆ ನಿಂತೇ ಇತ್ತು. ಬಸ್ಸು ಮರೆಯಾದ ಮೇಲೆ ರಸ್ತೆಯ ಆ ಬದಿಯಲ್ಲಿ ವ್ಯಾನು ಕಂಡಿತು. ಅವಸರದಲ್ಲಿ ಇಳಿದದ್ದಕ್ಕೆ ಅದರ ಎರಡೂ ಬಾಗಿಲುಗಳು ತೆರೆದುಕೊಂಡಿದ್ದವು, ಇಂಡಿಕೇಟರ್ ದೀಪಗಳು ಮಿನುಗುತ್ತಿದ್ದವು. ಹಿಂಬದಿಯ ಫೋಮಿನ ಹಾಳೆಯೊಂದು ಬಾಗಿಲಿಗೆ ಜಾರಿ, ಅರ್ಧ ಒಳಗೆ, ಅರ್ಧ ಹೊರಗೆ, ಗಾಳಿ ಬಂದಾಗಲೆಲ್ಲ ಮೆಲ್ಲಗೆ ಏಳುತ್ತಿತ್ತು.