ಶರಣುವಿನ ಗಾಳಿಮರ

ಗಾಳಿಮರದ ಒಣ ಎಲೆ ಉರಿಯುವಾಗ ಬರುವ ಹೊಗೆಯಲ್ಲಿ ಒಂದಿಷ್ಟು ಉಪ್ಪಿನ ವಾಸನೆ ಇರುತ್ತದೆ. ಚಿಕ್ಕಂದಿನಲ್ಲಿ ನಾನೂ ಅಕ್ಕನೂ ಉಳ್ಳಾಲದ ಕಡಲ ದಂಡೆಯಿಂದ ಆ ಎಲೆ ಗುಡಿಸಿ ಚೀಲ ತುಂಬಿ ತರುತ್ತಿದ್ದೆವು. ಅಮ್ಮ ಅದನ್ನು ಬಚ್ಚಲೊಲೆಗೆ ಹಾಕಿ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಳು. ಅರವತ್ತು ವರ್ಷ ದಾಟಿದ ಮೇಲೆ ಅದೇ ವಾಸನೆ ನನಗೆ ಅರಬ್ ನಾಡಿನ ಜಹ್ರಾದಲ್ಲಿ ಸಿಕ್ಕಿತು.

ಮಗಳು ಡೆಲ್ಮಾ ಇಲ್ಲಿನ ಕ್ಲಿನಿಕ್ಕಿನಲ್ಲಿ ನರ್ಸ್. ಅವಳ ಮನೆಯ ಹಿಂದೆ ಗಿಡ ಮಾರುವ ತೋಟವಿದೆ. ಗೋಡೆಯುದ್ದಕ್ಕೂ ಗಾಳಿಮರಗಳ ಸಾಲು. ಅದರ ನೆರಳಿನಲ್ಲೇ ಕೆಲಸದವರ ಊಟ. ನಾನು ಬೆಳಿಗ್ಗೆ ನಡೆಯಲು ಹೋದಾಗ ಮೇಸ್ತ್ರಿ ಫಕೀರಪ್ಪ ಉದುರಿದ ಎಲೆ ಸುಡುತ್ತಿದ್ದರು. ಗದಗದ ಕಡೆಯವರು. ಕನ್ನಡ ಕೇಳಿದ ಕೂಡಲೇ ಬಕೆಟ್ಟು ಬೋರಲು ಹಾಕಿ, ಒರೆಸಿ, ಕೂರಲು ಕೊಟ್ಟರು.

"ಎರಡು ವರ್ಷ ಆತ್ರಿ ಅಮ್ಮಾರ, ತುದಿಯಿಂದ ಒಣಗಾಕ ಹತ್ಯಾವು. ಮಳಿ ಇಲ್ಲ. ಟ್ಯಾಂಕರ್ ವಾರಕ್ಕೆರಡು ಬರ್ತಿತ್ತು, ಈಗ ಒಂದ."

ಸಾಲು ನೋಡಿದೆ. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವಳು. ಮರಗಳ ನಡುವೆ ನನ್ನ ಕೊಡೆ ಬಿಚ್ಚುವಷ್ಟೂ ಜಾಗವಿರಲಿಲ್ಲ.

"ಇಷ್ಟು ಒತ್ತೊತ್ತಾಗಿ ಯಾರು ನೆಟ್ಟದ್ದು?"

ಅವರು ನಾಚಿದರು. ಮೊದಲು ಇದ್ದದ್ದು ಮೂವತ್ತು ಮರವಂತೆ, ಐದೈದು ಹೆಜ್ಜೆಗೆ ಒಂದು. ಆಮೇಲೆ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಮುಗಿಸಿ ಖಾಯಮ್ಮಾಗಿ ಊರಿಗೆ ಹೊರಟವರೆಲ್ಲ ಹೋಗುವ ಮುನ್ನ ಒಂದೊಂದು ಸಸಿ ನಡುವೆ ನೆಟ್ಟರು. ಅದೇ ಪದ್ಧತಿಯಾಯಿತು. ಈಗ ಎಪ್ಪತ್ತೊಂದು. ಬುಡದಲ್ಲಿ ತಂತಿಗೆ ಕಟ್ಟಿದ ತಗಡಿನ ತುಂಡುಗಳು: ಬರ್ನಾರ್ಡ್, ರಹ್ಮತ್, ನಿಯಾಝ್, ಶರಣು. ಹೋದವರು ಹಬ್ಬಕ್ಕೆ ಫೋನ್ ಮಾಡಿದರೆ ಮರದ ಫೋಟೊ ಕೇಳುತ್ತಾರಂತೆ.

"ಮುದೀರ್ ಹೇಳ್ಯಾನ್ರಿ, ರಮಝಾನ್ ಮುಗೀತಿದ್ದಂಗ ಮಷೀನ್ ತರಿಸಿ ಎಲ್ಲಾ ಕಿತ್ತು ಹಾಕ್ತಾನಂತ," ಎಂದರು. ಮುದೀರ್ ಎಂದರೆ ಅಲ್ಲಿನ ಮ್ಯಾನೇಜರ್.

ಮರುದಿನ ನಾನು ಎರಡು ಕಾಗದದ ಕೊಳವೆ ಒಯ್ದೆ. ಮೊಮ್ಮಗಳು ಪರ್ಲ್ ಮಂಗೋಲಿಯಾದ ಉತ್ತರದಲ್ಲಿ, ಹುಲ್ಲುಗಾವಲು ಮುಗಿದು ಸೂಜಿ ಎಲೆಯ ಕಾಡು ಶುರುವಾಗುವ ಒಣ ನೆಲದಲ್ಲಿ, ಮರಗಳನ್ನು ಅಳೆಯುತ್ತಾಳೆ. ಕ್ರಿಸ್ಮಸ್ಸಿಗೆ ಬಂದವಳು ಕಾಂಡ ಕೊರೆದು ತೆಗೆದ, ಪೆನ್ಸಿಲಿನಷ್ಟು ದಪ್ಪದ ಎರಡು ಕಡ್ಡಿಗಳನ್ನು ಅಜ್ಜಿಗೆಂದು ತಂದಿದ್ದಳು. ಒಂದು ಒತ್ತಾದ ಗುಂಪಿನ ಮರದ್ದು, ಇನ್ನೊಂದು ಸುತ್ತ ಜಾಗವಿದ್ದ ಮರದ್ದು.

ಫಕೀರಪ್ಪ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಜಾಗವಿದ್ದ ಮರದ ಕಡ್ಡಿಯಲ್ಲಿ ಬರದ ವರ್ಷಗಳ ಗೆರೆಗಳು ತೆಳುವಾಗಿ, ಮತ್ತೆ ಅಗಲವಾಗಿದ್ದವು. ಒತ್ತಾದ ಗುಂಪಿನದರಲ್ಲಿ ಕೂದಲೆಳೆಯಂತೆ ಅಂಟಿಕೊಂಡೇ ಉಳಿದಿದ್ದವು.

"ಎರಡೂ ಒಂದ ವಯಸ್ಸಿನವೇನ್ರಿ?"

"ಒಂದೇ. ಮಳೆಯೂ ಒಂದೇ. ಗುಂಪಿನೊಳಗೆ, ಇದ್ದ ನೀರನ್ನು ಎಲ್ಲರೂ ಹಂಚಿಕೊಂಡರು, ಯಾರಿಗೂ ಸಾಲಲಿಲ್ಲ."

"ನಮ್ಮ ರೂಮಿನ ಕತಿ ಆತಲ್ರಿ. ಹನ್ನೊಂದು ಮಂದಿ, ಒಂದ ಬಚ್ಚಲ," ಎಂದು ನಕ್ಕರು. ಆಮೇಲೆ ನಗಲಿಲ್ಲ. ಅರ್ಧ ಕಡಿಯಬೇಕೆಂದು ನಾನು ಹೇಳುವ ಮೊದಲೇ ಅವರಿಗೆ ಅರ್ಥವಾಗಿತ್ತು. ಆ ಕಡ್ಡಿಗಳನ್ನು ತರಲೇಬಾರದಿತ್ತೇನೋ ಎನಿಸಿತು ನನಗೆ.

ಮುದೀರ್ ಒಪ್ಪಿದ. ರಮಝಾನಿಗೆ ಮುಂಚೆ ಅರ್ಧ ಕಡಿದರೆ ಉಳಿದವಕ್ಕೆ ಒಂದು ಬೇಸಿಗೆ ಬಿಡುತ್ತೇನೆಂದ. ಸೊರಗಿದ ಮರ ಹೋಗಲಿ, ಗಟ್ಟಿ ಮರ ಇರಲಿ ಎಂದು ನಾನು ಸುಣ್ಣದ ಗುರುತು ಹಾಕಿಕೊಟ್ಟೆ. ಆದರೆ ಫಕೀರಪ್ಪ ಗರಗಸ ಮುಟ್ಟಲಿಲ್ಲ. ದಿನಾ ಊಟದ ಹೊತ್ತಿಗೆ ಒಬ್ಬೊಬ್ಬರಿಗೆ ಫೋನ್ ಮಾಡುತ್ತ ಕೂತರು.

ಟ್ಯಾಂಕರ್ ಓಡಿಸುವ ಅಬ್ದುಲ್ ನಾಸಿರ್ ದೇರಳಕಟ್ಟೆಯವನು, ಬಾಯಿ ಜೋರು. "ಎಂತ ಫಕೀರಪ್ಪಣ್ಣ, ಮರ ಕಡಿಲಿಕ್ಕೂ ಇಕಾಮಾ ಬೇಕಾ? ಯಲ್ಲಾ, ಬೇಗ ಮುಗಿಸಿ ಮಾರಾಯ್ರೆ!"

"ನಂಬಿ ಬಿಟ್ಟು ಹೋಗ್ಯಾರಪ್ಪ. ಕೇಳದ ಹೆಂಗ ಕಡೀಲಿ?"

ರಹ್ಮತ್, "ನಾನು ಅದರಡಿ ಕೂರಲು ಬರುತ್ತೇನೆಯೇ ಭಾಯಿ, ನನ್ನದನ್ನೇ ಮೊದಲು ತೆಗಿ," ಎಂದನಂತೆ. ಬರ್ನಾರ್ಡ್, ತನ್ನ ಮರದ ಒಂದು ಗೇಣು ಕಟ್ಟಿಗೆ ಯಾರ ಕೈಯಲ್ಲಾದರೂ ಕಳಿಸು ಎಂದನಂತೆ. ಹೀಗೆ ಗುರುತು ಹಾಕಿದ ಮೂವತ್ತೈದರಲ್ಲಿ ಮೂವತ್ತನಾಲ್ಕಕ್ಕೆ ಒಪ್ಪಿಗೆ ಸಿಕ್ಕಿತು. ಶರಣುವಿನ ನಂಬರ್ ಚಾಲ್ತಿಯಲ್ಲಿರಲಿಲ್ಲ. ಅವನ ಊರಿನವರನ್ನು ವಿಚಾರಿಸಿದರು. ಯಾರಿಗೂ ಗೊತ್ತಿರಲಿಲ್ಲ.

ರಮಝಾನಿಗೆ ಮೂರು ದಿನವಿರುವಾಗ ಕಡಿದರು. ಬೆಳಿಗ್ಗೆಯಿಂದ ಗರಗಸದ ಸದ್ದು, ಕಣ್ಣಿಗೆ ಮರದ ಪುಡಿ. ಮಧ್ಯಾಹ್ನದ ಹೊತ್ತಿಗೆ ಕಡಿಯಬೇಕಾದವುಗಳಲ್ಲಿ ಉಳಿದದ್ದು ಶರಣುವಿನ ಮರವೊಂದೇ, ಸುಣ್ಣದ ಗುರುತಿನೊಡನೆ. ಅರ್ಧ ಕಂದು, ತೋಳಿನಷ್ಟೇ ದಪ್ಪ. ಅದರ ಪಕ್ಕದ್ದು ಇಡೀ ಸಾಲಿನಲ್ಲೇ ಚೆಲುವಾದ ಮರ. ಫಕೀರಪ್ಪ ಹೋದ ವರ್ಷ ಊರಿಗೆ ಹೊರಡುವ ಆಸೆಯಿಂದ ತಮ್ಮ ಹೆಸರಿನ ತಗಡನ್ನು ಅದಕ್ಕೆ ಕಟ್ಟಿದ್ದರು, ಹೊರಡಲು ಆಗಿರಲಿಲ್ಲ.

ಅವರು ಎರಡರ ನಡುವೆ ನಿಂತು ನನ್ನನ್ನು ನೋಡಿದರು. ಸಸ್ಯಶಾಸ್ತ್ರ ಏನು ಹೇಳುತ್ತದೆಂದು ಇಬ್ಬರಿಗೂ ತಿಳಿದಿತ್ತು.

"ಎರಡ್ರಾಗ ಒಂದು ಹೋದ್ರ ಲೆಕ್ಕ ಸರಿಹೋಗ್ತದಲ್ರಿ?"

ಶರಣುವಿನದು ಬದುಕುವುದು ಕಷ್ಟ ಎನ್ನಲು ಬಾಯಿ ತೆರೆದೆ. "ಹೋಗ್ತದೆ," ಎಂದೆ.

ಅವರು ತಮ್ಮ ತಗಡು ಬಿಚ್ಚಿ ಜೇಬಿಗಿಟ್ಟು, ತಮ್ಮ ಮರವನ್ನೇ ಕಡಿದರು. ಬಿದ್ದ ಮೇಲೆ ಹಸಿ ಬುಡದ ಪಕ್ಕ ಕುಸಿದು ಕೂತರು. ಅಂಗೈಯಲ್ಲಿ ಬೊಬ್ಬೆಗಳೆದ್ದಿದ್ದವು. ಊಟಕ್ಕೆ ಬಂದವರು ಹೊಸದಾಗಿ ಬಿದ್ದ ಬಿಸಿಲು ನೋಡಿ, ಇದ್ದ ನೆರಳಿನಲ್ಲಿ ಸರಿದು ಕೂತರು.

ಅಬ್ದುಲ್ ನಾಸಿರ್ ಟ್ಯಾಂಕರಿನ ಪೈಪನ್ನು ಶರಣುವಿನ ಮರದ ಬುಡಕ್ಕೆ ಎಳೆದು ಬಿಟ್ಟ. ಕೈ ತೊಳೆದುಕೊಂಡ. ಗಾಡಿಯಿಂದ ತನ್ನ ಊಟದ ಡಬ್ಬಿ ತಂದು, ಮುಚ್ಚಳ ತೆಗೆದು, ಅನ್ನ ಕಲಸಿ, ಚಮಚ ಸಿಕ್ಕಿಸಿ, ಫಕೀರಪ್ಪನವರ ಮಡಿಲಲ್ಲಿಟ್ಟ.