ಜಲಜಾಕ್ಷಿಯ ಮದುವೆಯ ಕ್ಯಾಸೆಟ್

ಚಿತ್ರವೇನೋ ಬಂತು, ಎಳನೀರಿನ ರಾಶಿ, ಅದರ ಪಕ್ಕದಲ್ಲಿ ಬಿಳಿ ಪಂಚೆಯ ಯಾರೋ ಒಬ್ಬ ಬೆನ್ನು ತಿರುಗಿಸಿ ನಿಂತಿದ್ದಾನೆ, ಕೆಳಗಿನ ಅಂಚಿನಲ್ಲಿ ಬಿಳಿ ಗೆರೆಗಳು ನಡುಗುತ್ತಿವೆ, ಸ್ವರ ಮಾತ್ರ ಇಲ್ಲ, ಸ್ಪೀಕರಿಗೆ ಕಿವಿಯಿಟ್ಟರೆ ಸಣ್ಣಗೆ ಗುಂಯ್ ಎನ್ನುತ್ತದೆ, ಅದು ಸ್ಪೀಕರಿನದೇ ಗೊಣಗಾಟ, ಮದುವೆ ಮನೆಯದಲ್ಲ — ಅಂದರೆ ಅರುವತ್ತೆರಡೂ ಅಲ್ಲ, ಪ್ರೇಮನಾಥ ಕಾರ್ಡಿನ ನಂಬರುಗಳ ಪಟ್ಟಿಯಲ್ಲಿ ಅರುವತ್ತೆರಡಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿದ, ಚಿತ್ರವಾದರೂ ಬಂದದ್ದಕ್ಕೆ ಸುತ್ತು, ಏನೂ ಬಾರದ್ದಕ್ಕೆ ಗೀಟು, ನಿನ್ನೆ ಬೆಳಗ್ಗಿನಿಂದ ಇದೇ ಕೆಲಸ, ಸುತ್ತು ಆರು, ಉಳಿದದ್ದೆಲ್ಲ ಗೀಟು, ಇನ್ನೂ ನೂರಕ್ಕೂ ಮೇಲೆ ಬಾಕಿ. ಶಾರ್ಜಾದಲ್ಲಿ ಈ ಟಿ.ವಿ. ಕಾರ್ಡು ಕೊಂಡಾಗ ಯಾರಿಗೆ ಗೊತ್ತಿತ್ತು, ಕಂಪ್ಯೂಟರಿನಲ್ಲೇ ಟಿ.ವಿ. ನೋಡಬಹುದು ಎಂಬ ಆಸೆಯಲ್ಲಿ ಕೊಂಡು ಊರಿಗೆ ತಂದು ಅಟ್ಟಕ್ಕೆ ಹಾಕಿದ್ದು, ಜೊತೆಗೆ ಬಂದ ಸಿ.ಡಿ. ವಿಂಡೋಸಿಗೆ ಮಾತ್ರ, ಮನೆಯ ಕಂಪ್ಯೂಟರಿನಲ್ಲಿರುವುದು ಲಿನಕ್ಸ್, ಹೆಂಡತಿ ಉಜ್ವಲಾಳ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಅದೇ ಲಿನಕ್ಸ್, ಅವಳು ಪ್ರಶ್ನೆಪತ್ರಿಕೆ ಮಾಡುವುದು ಅದರಲ್ಲೇ, ಬೇರೆಯದನ್ನು ಹಾಕಲು ಬಿಡುವವಳಲ್ಲ, ಆ ಲಿನಕ್ಸಿಗೋ ಈ ಕಾರ್ಡಿನ ಗುರುತೇ ಇಲ್ಲ, ಇದು ಯಾರೆಂದು ನನಗೆ ಗೊತ್ತಿಲ್ಲ, ನೀನೇ ನಂಬರು ಕೊಡು ಎನ್ನುತ್ತದೆ, ಸರಿಯಾದ ನಂಬರು ಕೊಟ್ಟರೆ ಚಿತ್ರವೂ ಸ್ವರವೂ ಬರುತ್ತದಂತೆ, ತಪ್ಪಿದರೆ ಚಿತ್ರ ಮಾತ್ರ, ಅದೂ ಅದೃಷ್ಟವಿದ್ದರೆ, ಇಲ್ಲದಿದ್ದರೆ ಇರುವೆ ಮುತ್ತಿದ ಪರದೆ. ಗಂಟೆ ಎರಡೂವರೆ, ಅಡೂರಿನಿಂದ ಹೊರಟ ಪೂಜಾಶ್ರೀ, ತಂಗಿಯ ಮಗಳು, ಮುಳ್ಳೇರಿಯ ದಾಟಿರಬಹುದು, ಬದಿಯಡ್ಕದಲ್ಲಿ ಬಸ್ಸು ಬದಲಿಸಿ ಸೀತಾಂಗೋಳಿಗೆ ಬರುವಾಗ ನಾಲ್ಕಾಗಬಹುದು, ಅಷ್ಟರೊಳಗೆ ಕೇಳಬೇಕು, ಅವಳಿಗಿಂತ ಮೊದಲು ಕೇಳಬೇಕು.

ಕಾಸರಗೋಡಿನಲ್ಲಿ ಕೊಟ್ರೆ ಎರಡು ದಿನದಲ್ಲಿ ಪೆನ್‌ಡ್ರೈವಿಗೆ ಹಾಕಿ ಕೊಡ್ತಾರಂತೆ, ನಿಮಗೆ ಎಂತಕ್ಕೆ ಈ ಉಸಾಬರಿ, ಉಜ್ವಲಾ ನಿನ್ನೆಯಿಂದ ನಾಲ್ಕು ಸಲ ಹೇಳಿಯಾಯಿತು, ಹೌದು, ಕೊಡುತ್ತಾರೆ, ಆದರೆ ತಂಗಿಯ ಮಾತು ಅಂಗಡಿಯವನ ಕಿವಿಗೆ ಮೊದಲು ಬೀಳುತ್ತದೆ, ಆಮೇಲೆ ಪೂಜಾಶ್ರೀಯ ಕಿವಿಗೆ, ಇಪ್ಪತ್ತೆಂಟು ವರ್ಷ ಕಾದವನು ಮೂರನೆಯವನಾಗಿ ನಿಲ್ಲಬೇಕೇ — ಅಲ್ಲ, ಇದೂ ಸುಳ್ಳು, ಕಾದದ್ದಲ್ಲ, ಕಾಯುವವನಾಗಿದ್ದರೆ ತಂಗಿ ಬದುಕಿರುವಾಗಲೇ ಕೇಳಿಬಿಡುತ್ತಿದ್ದ, ಆ ದಿನ ಎಂತ ಹೇಳಿದ್ದು ಜಲಜಾ ಎಂದು ಒಂದು ಮಾತು, ಅಷ್ಟೇ ತಾನೇ. ಮಾವ, ಅಮ್ಮನ ಕಪಾಟಿನಲ್ಲಿ ಸೀರೆಗಳ ಅಡಿಯಲ್ಲಿ ಇತ್ತು, ನಮ್ಮಲ್ಲಿ ಹಾಕಿ ನೋಡ್ಲಿಕ್ಕೆ ಎಂತ ಇಲ್ಲ, ಅಮ್ಮನ ವರ್ಷಾಂತದ ಕ್ರಿಯೆಗೆ ಎಲ್ರೂ ಬರ್ತಾರಲ್ಲ, ಟಿ.ವಿ.ಯಲ್ಲಿ ತೋರಿಸ್ಬಹುದಾ ಅಂತ — ತಂಗಿಯ ಮಗಳು ಕ್ಯಾಸೆಟ್ಟನ್ನು ಪೇಪರಿನಲ್ಲಿ ಸುತ್ತಿ ತಂದುಕೊಟ್ಟಾಗ ಇವನು, ಆಯ್ತು ಮಗಾ, ನಾನೇ ಮಾಡ್ತೇನೆ, ಯಾರಿಗೂ ಕೊಡುವುದು ಬೇಡ ಎಂದುಬಿಟ್ಟಿದ್ದ, ಅದೆಷ್ಟು ಬೇಗ ಬಂದಿತ್ತು ಆ ಮಾತು. ಅಟ್ಟದಿಂದ ವಿ.ಸಿ.ಆರ್. ಇಳಿಸಿದ, ನಡುಮನೆಯ ಟಿ.ವಿ.ಗೆ ಕೊಟ್ಟರೆ ಉಜ್ವಲಾಳೂ ಕೇಳುತ್ತಾಳೆಂದು ಅದರ ಆ್ಯಂಟೆನಾ ವೈರನ್ನು ಕಾರ್ಡಿಗೆ ಕೊಟ್ಟ, ಕಾರ್ಡಿನಿಂದ ಸ್ವರದ ಸಣ್ಣ ವೈರನ್ನು ಕಂಪ್ಯೂಟರಿನ ಹಿಂದೆ ಚುಚ್ಚಿದ, ವಿಡಿಯೋ ಕತ್ತರಿಸುವ ಸಾಫ್ಟ್‌ವೇರನ್ನು ಕೂಡ ಹಾಕಿಟ್ಟುಕೊಂಡ, ಸ್ವರ ಇನ್ನೂ ಬಂದಿಲ್ಲ, ಕತ್ತರಿ ಮಾತ್ರ ಸಿದ್ಧ, ಮೊದಲು ಕೇಳುವುದು, ಕೇಳಬಾರದ್ದಾಗಿದ್ದರೆ ಅಷ್ಟನ್ನು ಕತ್ತರಿಸಿ ತೆಗೆಯುವುದು, ಹತ್ತು ಸೆಕೆಂಡು ಹೋದರೆ ಯಾರಿಗೆ ತಿಳಿಯುತ್ತದೆ, ಟೇಪು ಹಳೆಯದು, ಅಲ್ಲಿ ಹಾಳಾಗಿತ್ತು ಎಂದರಾಯಿತು.

ಹತ್ತೇ ಸೆಕೆಂಡು, ನಲ್ವತ್ತೊಂದನೆಯ ನಿಮಿಷದಲ್ಲಿ, ಶಾರ್ಜಾದ ಆ ಕೋಣೆಯಲ್ಲಿ ಎಷ್ಟು ಸಲ ಹಿಂದೆ ಓಡಿಸಿ ನೋಡಿದ್ದ, ಎಂಟು ಮಂಚದ ಕೋಣೆ, ರಾತ್ರಿ ಪಾಳಿ ಮುಗಿಸಿದವರು ಹಗಲು ಮುಸುಕು ಹಾಕಿ ಮಲಗುತ್ತಿದ್ದರು, ಟಿ.ವಿ.ಯ ಸ್ವರ ಸೊನ್ನೆಗೆ ಇಡಬೇಕು, ಇಲ್ಲದಿದ್ದರೆ ಚಪ್ಪಲಿ ಹಾರಿ ಬರುತ್ತದೆ, ಮದುವೆಗೆ ಹೋಗಿ ಊರಿನಿಂದ ಕ್ಯಾಸೆಟ್ ತಂದ ಬೇರೆ ಕಂಪೆನಿಯ ಧನರಾಜ್ ಪಕ್ಕದಲ್ಲಿ ಕೂತು ಪಿಸುಗುಟ್ಟುತ್ತಿದ್ದ, ನೋಡು, ಇಲ್ಲಿ ಮದುಮಗಳ ಕೋಣೆ, ವಿಡಿಯೋದ ಉಗ್ಗಪ್ಪ ಅವಳತ್ರ ಹೇಳಿದ, ಶಾರ್ಜಾದಲ್ಲಿರುವ ಅಣ್ಣನಿಗೆ ಎಂತಾದ್ರೂ ಹೇಳು ಅಂತ, ಹೇಳಿದ್ಳು ಮಾರಾಯ, ಎಂತದೋ ಹೇಳಿದ್ಳು, ನನಗೆ ಆ ಗಲಾಟೆಯಲ್ಲಿ ಕೇಳ್ಲಿಲ್ಲ. ಕೆನ್ನೆಗೆ ಬಿದ್ದ ಮಲ್ಲಿಗೆಯ ಎಳೆಯನ್ನು ಬೆರಳಿನಿಂದ ಹಿಂದೆ ಸರಿಸುತ್ತಾಳೆ, ತಲೆಯೆತ್ತುತ್ತಾಳೆ, ನೇರ ಇವನನ್ನೇ ನೋಡುತ್ತಾಳೆ, ತುಟಿ ತೆರೆಯುತ್ತದೆ, ಅಣ್ಣ ಎಂಬಷ್ಟು ತಿಳಿಯುತ್ತದೆ, ಆಮೇಲೆ ಉದ್ದಕ್ಕೆ ಏನೋ, ನಗುವುದಿಲ್ಲ, ಅಳುವುದೂ ಇಲ್ಲ, ಹೇಳಿ ಮುಗಿಸಿ ತಲೆ ತಗ್ಗಿಸುತ್ತಾಳೆ. ಸ್ವಲ್ಪ ಸ್ವರ ಕೊಡುವನಾ ಎಂದಿದ್ದ ಧನರಾಜ್, ಬೇಡ, ಮಲಗಿದ್ದಾರೆ ಎಂದವನು ಇವನೇ. ಒಂದು ಗೆರೆಯಷ್ಟು ಸ್ವರ ಕೊಟ್ಟಿದ್ದರೆ ಯಾರೂ ಏಳುತ್ತಿರಲಿಲ್ಲ, ಅದು ಆಗಲೂ ಗೊತ್ತಿತ್ತು, ಮುಂದಿನ ವಾರ ಊರಿಗೆ ಹೊರಟವರ ಕೈಯಲ್ಲಿ ಕ್ಯಾಸೆಟ್ಟನ್ನು ಹಿಂದೆ ಕಳುಹಿಸಿದ.

ಅಣ್ಣ, ನೀನು ಅವರ ಒಟ್ಟಿಗೆ ಇದ್ದವ, ಜನ ಹೇಗೆ ಅಂತ ನೀನೇ ಹೇಳಬೇಕು — ಮನೆಯಲ್ಲಿ ತುಳು ಮಾತಾಡಿದರೂ ಕಾಗದ ಕನ್ನಡದಲ್ಲಿ ಬರೆಯುವವಳು, ದುಂಡಗಿನ ಅಕ್ಷರ, ಅದೊಂದು ಸಾಲಿನ ಕೆಳಗೆ ಗೆರೆ ಎಳೆದಿದ್ದಳು, ಜನ ಎಂದರೆ ಗೌರೀಶಂಕರ, ಎದುರಿನ ಮಂಚದಲ್ಲೇ ಇದ್ದವನು, ಒಳ್ಳೆಯ ಸಂಬಳ, ಅಡೂರಿನಲ್ಲಿ ಮನೆ, ಅಪ್ಪ ಇಲ್ಲದ ಮೇಲೆ ಗಂಡು ಹುಡುಕುವ ಕೆಲಸ ಇವನದ್ದು, ಊರಿಗೆ ಹೋಗದೆ, ಅಲೆಯದೆ, ಕೂತಲ್ಲಿಂದಲೇ ಮುಗಿಯುವುದಾದರೆ ಯಾರಿಗೆ ಬೇಡ. ಒಬ್ಬನಿಗೆ ಮಾತ್ರ ರಜೆ ಎಂದು ಕಂಪೆನಿ ಹೇಳಿದಾಗ ತನ್ನದನ್ನು ಗೌರೀಶಂಕರನಿಗೇ ಬಿಟ್ಟುಕೊಟ್ಟ, ಅಣ್ಣ ಇಲ್ಲದೆ ಮದುವೆ ನಡೆಯುತ್ತದೆ, ಮದುಮಗ ಇಲ್ಲದೆ ನಡೆಯುತ್ತದೆಯೇ ಎಂದು ಎಲ್ಲರನ್ನೂ ನಗಿಸಿದ್ದ. ಆದರೆ ಅದಕ್ಕೆ ನಾಲ್ಕು ತಿಂಗಳ ಹಿಂದೆ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅದೇ ಗೌರೀಶಂಕರ ಬಿಸಿ ಪಾತ್ರೆಯನ್ನೇ ಎತ್ತಿ ಅಡುಗೆಯ ಪಾಳಿಯ ಮಲಪ್ಪುರದವನ ಮೇಲೆ ಎಸೆದಿದ್ದ, ಕುತ್ತಿಗೆಯಿಂದ ಎದೆಯವರೆಗೆ ಬೊಕ್ಕೆ ಎದ್ದಿತ್ತು, ಕಾಲು ಜಾರಿ ಬಿದ್ದ ಎಂದು ಫೋರ್‌ಮನ್ನನಿಗೆ ಹೇಳಿದವರಲ್ಲಿ ಇವನೂ ಒಬ್ಬ, ಮದುವೆಯಾದ ಮೇಲೆ ಎಲ್ಲ ಸರಿಯಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ತಂಗಿಗೆ ಬರೆದ, ಒಳ್ಳೆಯ ಜನ, ಸ್ವಲ್ಪ ಮಾತು ಕಡಿಮೆ. ಎರಡು ವರ್ಷ ಬಿಟ್ಟು ರಜೆಯಲ್ಲಿ ಬಂದಾಗ ಅಡೂರಿನ ಜಗಲಿಯಲ್ಲಿ ಚಹಾ ಕೊಡಲು ಕೈ ಚಾಚಿದಳು, ಬಳೆಗಳ ಹಿಂದೆ ಕಪ್ಪಗೆ ಸುಟ್ಟ ಗುರುತು, ಗಂಜಿ ಬಸಿಯುವಾಗ ತಾಗಿದ್ದು ಅಣ್ಣ ಎಂದಳು, ಜಾಗ್ರತೆ ಮಾಡು ಎಂದ, ಗಂಜಿ ಬಸಿಯುವಾಗ ಮಣಿಕಟ್ಟಿನ ಮೇಲ್ಗಡೆ ಹೇಗೆ ತಾಗುತ್ತದೆ ಎಂದು ಯೋಚಿಸುತ್ತ ಚಹಾ ಕುಡಿದು ಮುಗಿಸಿದ, ಚಹಾ ಚೆನ್ನಾಗಿತ್ತು. ಅವಳ ಸ್ವರವೆಲ್ಲಿ ಹೋಗಿದೆ, ಫೋನಿಗೆ ಕಳಿಸಿದ ವಾಯ್ಸ್ ಮೆಸೇಜುಗಳಲ್ಲಿ ಬೇಕಾದಷ್ಟಿದೆ, ಅಣ್ಣ, ಬಸ್ಸಿನವನ ಕೈಯಲ್ಲಿ ಉಪ್ಪಿನಕಾಯಿ ಕಳಿಸಿದ್ದೇನೆ, ಅಣ್ಣ, ಅತ್ತಿಗೆಯ ಕಾಲು ನೋವು ಹೇಗುಂಟು, ಕೊನೆಗೆ ಕಿಡ್ನಿ ಕೈಕೊಟ್ಟು ಮಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾಲ್ಕು ದಿನ ಪಕ್ಕದಲ್ಲೇ ಕೂತಿದ್ದ, ಮಾತ್ರೆಯ ಬಗ್ಗೆ ಕೇಳಿದ, ನಿದ್ರೆಯ ಬಗ್ಗೆ ಕೇಳಿದ, ಫ್ಯಾನು ಜೋರಾಯಿತಾ ಎಂದು ಕೇಳಿದ.

ಇದು ಎಂತ, ಇಲ್ಲಿ ಎಂ ಎಂ ಅಂತ ಬರ್ತಾ ಉಂಟಲ್ಲ — ಉಜ್ವಲಾ ಯಾವಾಗ ಬಂದು ಹಿಂದೆ ನಿಂತಳೋ, ಚಹಾದ ಲೋಟ ಮೇಜಿನ ಮೇಲಿಟ್ಟು ಕನ್ನಡಕ ಸರಿಮಾಡಿ ಪರದೆಗೆ ಬಗ್ಗಿದಳು, ಎಂ ಎಂ ಅಂದ್ರೆ ಮ್ಯೂಟ್ ಅಲ್ವಾ, ಈ ವೈರಿನ ಸ್ವರವನ್ನೇ ಮುಚ್ಚಿ ಇಟ್ಟಿದ್ದೀರಿ, ನಮ್ಮ ಲ್ಯಾಬಲ್ಲಿ ಮಕ್ಕಳು ಬೇಕೂಂತ್ಲೇ ಹೀಗೆ ಮಾಡಿ ಇಡ್ತಾರೆ, ಎರಡು ದಿನ ಕಾರ್ಡಿಗೆ ಬೈದದ್ದೇ ಬಂತು ನೀವು. ಒಂದು ಕೀ ಒತ್ತಿದಳು, ಅಷ್ಟೇ, ಪೂಜಾ ಬರುವಾಗ ಎಂತಾದ್ರೂ ಬಿಸಿ ಮಾಡ್ಬೇಕು ಎಂದು ಅಡುಗೆಮನೆಗೆ ಹೋದಳು, ಸ್ವರ ಬರಲಿಲ್ಲ, ಆದರೆ ಈಗ ಬಾರದಿರುವುದಕ್ಕೆ ಕಾರಣ ನಂಬರು ಮಾತ್ರ, ನಿನ್ನೆಯಿಂದ ಗೀಚಿದ್ದೆಲ್ಲ ದಂಡ, ಸುತ್ತು ಹಾಕಿದ ಆರನ್ನು ಮತ್ತೆ ನೋಡಬೇಕು, ಹನ್ನೆರಡು, ಇಲ್ಲ, ಹತ್ತೊಂಬತ್ತು, ಇಲ್ಲ, ಮೂವತ್ತೇಳು — ನಾಗಸ್ವರ! ಕೋಣೆ ತುಂಬ ನಾಗಸ್ವರ, ಸ್ಪೀಕರ್ ಒಡೆಯುವ ಹಾಗೆ, ಪ್ರೇಮನಾಥ ಗಡಬಡಿಸಿ ಸ್ವರ ತಗ್ಗಿಸಿದ, ಬಂತಲ್ಲ, ಕೊನೆಗೂ ಬಂತಲ್ಲ, ಎಳನೀರಿನ ರಾಶಿ, ಬೆನ್ನು ತಿರುಗಿಸಿದವನು ಈಗ ತಿರುಗಿ ಕೈ ಮುಗಿಯುತ್ತಾನೆ, ನಾಗಸ್ವರ ಇರಲಿ, ಮದುವೆಯ ವಿಡಿಯೋ ಶುರುವಾಗುವುದೇ ಹಾಗೆ, ಒಳಗೆ ಹೋದ ಮೇಲೆ ಮಾತು ಬರುತ್ತದೆ. ಅವನು ಟೇಪನ್ನು ಮುಂದಕ್ಕೆ ಓಡಿಸಿದ, ಇಪ್ಪತ್ತು, ಮೂವತ್ತು, ಓಡುತ್ತಿರುವ ಟೇಪಿನಲ್ಲಿ ನೆಂಟರೆಲ್ಲ ಗಡಿಬಿಡಿಯಿಂದ ಉಣ್ಣುತ್ತಾರೆ, ಏಳುತ್ತಾರೆ, ಸತ್ತವರೇ ಅರ್ಧಕ್ಕಿಂತ ಹೆಚ್ಚು, ನಲ್ವತ್ತು, ಇಲ್ಲಿ ಬಿಟ್ಟುಬಿಡಲೇ, ಕರೆಂಟು ಹೋಗಲಿ ಎಂದು ಒಂದು ಕ್ಷಣ ಬೇಡಿಕೊಂಡ, ಹೋಗಲಿಲ್ಲ. ಬಾಗಿಲಿನತ್ತ ನೋಡಿದ, ಯಾರೂ ಇಲ್ಲ, ಪ್ಲೇ ಒತ್ತಿದ.

ಮದುಮಗಳ ಕೋಣೆ, ಕನ್ನಡಿ, ಹಾಸಿಗೆಯ ಮೇಲೆ ಸೀರೆಗಳು, ಮಲ್ಲಿಗೆಯ ಎಳೆಯನ್ನು ಸರಿಸಿದಳು, ತಲೆಯೆತ್ತಿದಳು, ತುಟಿ ತೆರೆಯಿತು, ಹಾಡು. ಸಿನಿಮಾ ಹಾಡು, ಹೆಣ್ಣು ಸ್ವರದಲ್ಲಿ ಯಾವಳೋ ಹಾಡುತ್ತಿದ್ದಾಳೆ, ಅದರ ಹಿಂದೆ ಪಿಟೀಲು, ಜಲಜಾಳ ತುಟಿ ಅಲುಗುತ್ತದೆ, ಹಾಡು ಬೇರೆ, ತುಟಿ ಬೇರೆ, ಹೇಳಿ ಮುಗಿಸಿ ತಲೆ ತಗ್ಗಿಸಿದಳು, ಹಾಡು ನಿಲ್ಲಲಿಲ್ಲ. ಸ್ಟುಡಿಯೋದಲ್ಲಿ ಮಿಕ್ಸಿಂಗ್ ಮಾಡುವಾಗ ಮಾತನ್ನೆಲ್ಲ ಅಳಿಸಿ ಮೇಲೆ ಹಾಡು ಹಾಕುತ್ತಿದ್ದರು, ಆ ಕಾಲದಲ್ಲಿ ಎಲ್ಲ ಮದುವೆಗೂ ಹಾಗೆಯೇ, ಗಲಾಟೆ ಯಾರಿಗೆ ಬೇಕು, ಹಾಡಿದ್ದರೇ ಚಂದ — ಇದು ತನ್ನದೇ ಹಾಡಲ್ಲವೇ, ಶಾರ್ಜಾದ ಅಂಗಡಿಯಲ್ಲಿ ನಿಂತು ಒಂದೊಂದಾಗಿ ಆರಿಸಿ ಕ್ಯಾಸೆಟ್ಟಿಗೆ ತುಂಬಿಸಿದ್ದು, ಮದುವೆಗೆ ಹೊರಟ ಧನರಾಜನ ಬ್ಯಾಗಿಗೆ ತುರುಕಿದ್ದು, ಉಗ್ಗಪ್ಪನಿಗೆ ಕೊಡು, ಇದನ್ನೇ ಹಾಕ್ಲಿಕ್ಕೆ ಹೇಳು, ಒಳ್ಳೆ ಹಾಡುಗಳು, ನಡುವಲ್ಲಿ ಎಲ್ಲಿಯೂ ಖಾಲಿ ಬಿಡ್ಬಾರ್ದು ಅಂತ ಹೇಳು. ಬಿಡಲಿಲ್ಲ, ಉಗ್ಗಪ್ಪ ಎಲ್ಲಿಯೂ ಖಾಲಿ ಬಿಡಲಿಲ್ಲ, ಅವಳ ಮಾತು ಈ ಟೇಪಿನಲ್ಲಿ ಇಲ್ಲ, ಎಲ್ಲಿಯೂ ಇಲ್ಲ, ಅವಳೊಂದಿಗೇ ಹೋಯಿತು, ಇನ್ನು ಯಾರೂ ಕೇಳುವಂತಿಲ್ಲ — ಎದೆಯ ಮೇಲಿಂದ ಯಾರೋ ಕಾಲು ತೆಗೆದ ಹಾಗೆ ಉಸಿರು ಸಲೀಸಾಗಿ ಹೋಯಿತು, ಬದುಕಿದೆ ಎಂದುಕೊಂಡ, ಥೂ, ಏನೆಂದುಕೊಂಡೆ ನಾನು, ಸತ್ತ ತಂಗಿಯ ಮುಖ ಕಣ್ಣೆದುರಿಗಿರುವಾಗ ಬದುಕಿದೆ ಎಂದುಕೊಂಡೆನಲ್ಲ, ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು, ಆದರೂ ಉಸಿರಾಟ ಹಗುರವಾಗಿಯೇ ಇತ್ತು. ಮಾವ, ಆಯ್ತಾ, ಜಗಲಿಯವರೆಗೆ ಹಾಡು ಕೇಳ್ತಾ ಉಂಟಲ್ಲ — ಪೂಜಾಶ್ರೀ ಚಪ್ಪಲಿ ಬಿಟ್ಟು ಒಳಗೆ ಬಂದಳು, ಬ್ಯಾಗನ್ನು ನೆಲಕ್ಕಿಟ್ಟು ಪರದೆಯ ಹತ್ತಿರವೇ ಕೂತಳು, ಅಯ್ಯೋ ಅಮ್ಮ ಎಷ್ಟು ಸಪುರ ಇದ್ರು, ಸ್ವಲ್ಪ ಹಿಂದೆ ಹಾಕಿ ಮಾವ, ಹಿಂದೆ ಹಾಕಿದ, ಮಲ್ಲಿಗೆ, ತಲೆಯೆತ್ತಿದಳು, ತುಟಿ, ಅಮ್ಮ ಯಾರತ್ರ ಮಾತಾಡುವುದು ಇಲ್ಲಿ, ನನ್ನ ಹತ್ರ ಮಗಾ, ನಿಮ್ಮತ್ರವಾ, ಎಂತ ಹೇಳಿದ್ದು, ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು, ಗೊತ್ತಿಲ್ಲ ಎಂಬುದು ನಿಜವೂ ಆಗಿತ್ತು, ನಾನು ಖುಷಿಯಲ್ಲಿದ್ದೇನೆ ಅಣ್ಣ, ನೀನು ಬೇಜಾರು ಮಾಡ್ಬೇಡ ಅಂತ ಹೇಳಿದ್ದು, ಪ್ರೇಮನಾಥನ ಬಾಯಿ ಹೇಳಿತು, ಸ್ವರ ಒಂದಿಷ್ಟೂ ನಡುಗಲಿಲ್ಲ. ಹೌದಾ ಎಂದಳು ಪೂಜಾಶ್ರೀ, ಆ ಮನೆಯಲ್ಲಿ ಇಪ್ಪತ್ತಾರು ವರ್ಷ ಬೆಳೆದವಳು, ಇವನ ಮುಖವನ್ನು ನೋಡಿದಳು, ತುಂಬ ಹೊತ್ತು ನೋಡಿದಳು, ಆಮೇಲೆ ಪರದೆಯ ಕಡೆ ತಿರುಗಿ ಹಾಡು ತೆಗೀರಿ ಮಾವ, ಅಮ್ಮನನ್ನು ಮಾತ್ರ ನೋಡುವ ಎಂದಳು, ಅವನು ಸ್ವರ ಸೊನ್ನೆಗೆ ಇಳಿಸಿದ, ಟೇಪು ಹಿಂದೆ ಓಡಿತು, ನಿಂತಿತು, ಮಲ್ಲಿಗೆಯನ್ನು ಸರಿಸಿದಳು, ತಲೆಯೆತ್ತಿದಳು, ನೇರ ನೋಡಿದಳು, ತುಟಿ ತೆರೆಯಿತು, ಇನ್ನೊಮ್ಮೆ ಮಾವ, ತುಟಿ ತೆರೆಯಿತು, ಇನ್ನೊಮ್ಮೆ, ತುಟಿ