ಬೆಟ್ಟದ ಸಂದಿಯಲ್ಲಿ ಬಿಚ್ಚದ ಹೊಲಿಗೆ

ಊರಿಗೆಲ್ಲ ರಜೆ ಇದ್ದ ದಿನವೇ ಟೈಲರಿಗೂ ರಜೆ. ಉಳಿದ ದಿನ ಅವನ ಕಾಲು ಪೆಡಲಿನ ಮೇಲೆ, ಕಣ್ಣು ಸೂಜಿಯ ಮೇಲೆ, ಕಿವಿ ಗಿರಾಕಿಯ ಬಾಯಿಗೆ.

"ನಿನ್ನೆ ಕೊಡ್ತೀನಿ ಅಂದಿದ್ರಿ."

"ನಾಳೆ ಗ್ಯಾರಂಟಿ."

"ಹೋದ ವಾರವೂ ಇದೇ ನಾಳೆ ಹೇಳಿದ್ರಿ."

ಅಂಗಡಿ ಅಂದರೆ ಒಂದೇ ಕೋಣೆ. ಕಿಟಕಿ ಪಕ್ಕ ಹೊಲಿಗೆ ಯಂತ್ರ, ಗೋಡೆ ಪಕ್ಕ ಹೆಂಡತಿಯ ಸ್ಟೂಲು. ಅವನು ಹೊಲಿದದ್ದಕ್ಕೆ ಅವಳು ಕಾಜಾ ಮಾಡಿ ಗುಂಡಿ ಹಾಕಬೇಕು. ಅವರ ಎಂಟು ವರ್ಷದ ಮಗಳನ್ನೂ ಎಲ್ಲರೂ ಗುಂಡಿ ಅಂತಲೇ ಕರೆಯುತ್ತಿದ್ದರು. ಅಂಗಿಗೆ ಗುಂಡಿ ಎಷ್ಟು ಮುಖ್ಯವೋ ಆ ಮನೆಗೆ ಅವಳು ಅಷ್ಟು ಮುಖ್ಯ.

ಆ ಸಲ ಶುಕ್ರ, ಶನಿ, ಭಾನುವಾರ ಸಾಲಾಗಿ ಮೂರು ರಜೆ ಬಂದವು. ಊರಾಚೆಯ ಬಂಡೆಬೆಟ್ಟ ಹತ್ತಬೇಕು ಅಂತ ಗುಂಡಿ ಎರಡು ವರ್ಷದಿಂದ ಹಟ ಹಿಡಿದಿದ್ದಳು. ಶನಿವಾರ ಹೋಗೋಣ ಅಂತ ಟೈಲರ್ ಮಾತು ಕೊಟ್ಟ.

ಗುರುವಾರ ಸಂಜೆ ಹಗ್ಗದಕ್ಕ ಅಂಗಡಿಗೆ ಬಂದಳು. ಬಂಡೆಗೆ ಹಗ್ಗ ಕಟ್ಟಿ ಹತ್ತುವುದನ್ನು ಕಲಿಸುವುದು ಅವಳ ಕೆಲಸ. ಬೆಟ್ಟದಲ್ಲಿ ಜನ ಜಾಸ್ತಿಯಾದ ದಿನ ರಕ್ಷಣಾ ತಂಡದಲ್ಲೂ ಅವಳೇ. ಮೊಣಕಾಲಿನ ಹತ್ತಿರ ಹರಿದ ಪ್ಯಾಂಟನ್ನು ಮೇಜಿನ ಮೇಲಿಟ್ಟಳು. ಶನಿವಾರದ ಸುದ್ದಿ ಕೇಳಿದ ಕೂಡಲೇ ಅವಳ ಮುಖ ಸಪ್ಪಗಾಯಿತು.

"ಟೈಲರಣ್ಣ, ಶನಿವಾರ ಬೇಡ. ಮಂಗಳವಾರ ಬನ್ನಿ. ಆವತ್ತು ಬೆಟ್ಟದಲ್ಲಿ ನೀವು, ನಾನು, ಎರಡು ಕಾಗೆ ಅಷ್ಟೇ."

"ಮಂಗಳವಾರ ನಾನು ಬಾಗಿಲು ಮುಚ್ಚಿದರೆ ಗಿರಾಕಿ ಬಾಯಿ ತೆರೀತಾರಮ್ಮ."

"ಅಲ್ಲಣ್ಣ, ಮೇಲೆ ಬಂಡೆ ಸಂದಿ ಇದೆಯಲ್ಲ, ಅಲ್ಲಿ ಹತ್ತೋಕೆ ಒಂದಾಳು ಜಾಗ, ಇಳಿಯೋಕೆ ಒಂದಾಳು ಜಾಗ. ನಡುವೆ ಕಬ್ಬಿಣದ ಕಂಬಿ. ಹತ್ತು ಜನ ಹತ್ತೋ ಕಡೆ ನೂರು ಜನ ತೂರಿದರೆ ಉಸಿರಿಗೂ ಸಾಲು ನಿಲ್ಲಬೇಕು."

"ಜನ ಇದ್ದಷ್ಟೂ ಧೈರ್ಯ ಕಣಮ್ಮ. ಯಾರೂ ಇಲ್ಲದ ಕಡೆ ಬಿದ್ದರೆ ಎತ್ತೋರು ಯಾರು? ಅಷ್ಟು ಜನರ ಮಧ್ಯೆ ಬಿದ್ದರೆ ನೂರು ಕೈ ಬರುತ್ತೆ."

"ನೂರು ಕೈ ಬರೋಕೆ ಮುಂಚೆ ಇನ್ನೂರು ಕಾಲು ಬರುತ್ತೆ, ಅಣ್ಣ."

ಹೆಂಡತಿಯ ಸೂಜಿ ನಿಂತಿತು. "ರೀ, ಅವಳು ದಿನಾ ಅಲ್ಲೇ ಇರೋಳು. ಗುಂಡಿ ಕೈ ತಪ್ಪಿದರೆ ಏನು ಗತಿ?"

"ತಪ್ಪದ ಹಾಗೆ ಮಾಡೋದು ನನಗೆ ಬಿಡು," ಅಂದ ಟೈಲರ್.

ಹಗ್ಗದಕ್ಕ ಅತ್ತ ಹೋದಳೋ ಇಲ್ಲವೋ, ಇವನು ಸೊಂಟಕ್ಕೆ ಕೈಯಿಟ್ಟು, ಮೂಗಿನಲ್ಲಿ ಅವಳ ದನಿ ತೆಗೆದ. "ಉಸಿರಿಗೂ ಸಾಲು ನಿಲ್ಲಬೇಕೂ, ಟೈಲರಣ್ಣಾ." ಗುಂಡಿ ಹೊಟ್ಟೆ ಹಿಡಿದು ನಕ್ಕಳು. ಹೆಂಡತಿ ನಗಲಿಲ್ಲ.

ಶನಿವಾರ ಬೆಟ್ಟ ಇನ್ನೂ ಎರಡು ಕಿಲೋಮೀಟರ್ ಇರುವಾಗಲೇ ರಸ್ತೆ ಕಟ್ಟಿಕೊಂಡಿತ್ತು. ಎರಡೂ ಬದಿ ಕಾರು, ಬೈಕು. ಟೈಲರ್ ತನ್ನ ಸ್ಕೂಟರನ್ನೂ ಒಂದು ಕಾರಿನ ಮೂತಿಗೆ ಅಂಟಿಸಿ ನಿಲ್ಲಿಸಿದ. "ಎಲ್ಲರೂ ನಿಲ್ಲಿಸಿದ್ದಾರೆ, ನನ್ನದೊಂದು ಹೆಚ್ಚಾ?"

ಮೆಟ್ಟಿಲಿನ ಬುಡದಲ್ಲಿ ಅವನು ಚೀಲದಿಂದ ಒಂದು ಪಟ್ಟಿ ತೆಗೆದ. ಶಾಲೆ ಬ್ಯಾಗಿನ ಹಿಡಿಗೆ ಹಾಕುವ ಗಟ್ಟಿ ಪಟ್ಟಿ. ಅದರ ಒಂದು ತುದಿಯನ್ನು ಹೆಂಡತಿಯ ಮಣಿಕಟ್ಟಿಗೆ ಬಳೆಯ ಹಾಗೆ ಸುತ್ತಿ, ಸೂಜಿಯಿಂದ ಅಲ್ಲೇ ಹೊಲಿದುಬಿಟ್ಟ. ನಡುವಿನದು ಗುಂಡಿಯ ಬಲಗೈಗೆ. ಇನ್ನೊಂದು ತುದಿ ತನ್ನ ಎಡಗೈಗೆ. ಎರಡೆಳೆ ದಾರ, ಒತ್ತೊತ್ತು ಹೊಲಿಗೆ.

"ಗಂಟು ಹಾಕಿದ್ದರೆ ಸಾಲದಾಗಿತ್ತಾ?" ಅಂದಳು ಹೆಂಡತಿ.

"ಗಂಟು ಬಿಚ್ಚುತ್ತೆ. ನನ್ನ ಹೊಲಿಗೆ ಬಿಚ್ಚಿದ್ದು ನೋಡಿದ್ದೀಯಾ?"

"ಕತ್ತರಿ ತಂದಿದ್ದೀರಾ?"

"ಮನೆಗೆ ಹೋದ ಮೇಲೆ ತಾನೇ ಬಿಚ್ಚೋದು? ಕತ್ತರಿ ಅಲ್ಲೇ ಇದೆ."

ಪಕ್ಕದಲ್ಲಿ ಹೋಗುತ್ತಿದ್ದವನೊಬ್ಬ, "ಮೂರು ಜನಕ್ಕೂ ಸೇರಿ ಒಂದೇ ಅಂಗಿನಾ ಸ್ವಾಮಿ?" ಅಂತ ಕೇಳಿ ನಕ್ಕ. ಟೈಲರೂ ನಕ್ಕ. ಅವನು ಮುಂದೆ, ಗುಂಡಿ ನಡುವೆ, ಹೆಂಡತಿ ಹಿಂದೆ. ಹತ್ತತೊಡಗಿದರು.

ಮೊದಲು ನಗು ಇತ್ತು, ಫೋಟೊ ಇತ್ತು, ಶಿಳ್ಳೆ ಇತ್ತು. ಧ್ವನಿವರ್ಧಕ ಏನೋ ಹೇಳುತ್ತಿತ್ತು. "ಇಳಿಯುವ... ಖರ್... ಎಡಕ್ಕೆ... ಖರ್ ಖರ್... ಹತ್ತುವವರು ನಿಲ್... ಖರ್." ಯಾರಿಗೂ ಅರ್ಥವಾಗಲಿಲ್ಲ, ಯಾರೂ ನಿಲ್ಲಲಿಲ್ಲ.

ಸಂದಿ ಹತ್ತಿರವಾದಾಗ ಟೈಲರಿಗೆ ಮೂಗು ತುರಿಸಿತು. ಕೈ ಎತ್ತಲು ಹೋದ. ಎತ್ತಲಾಗಲಿಲ್ಲ. ಎರಡು ಕಡೆಯ ಭುಜಗಳು ಅವನ ತೋಳನ್ನು ಒತ್ತಿ ಹಿಡಿದಿದ್ದವು. ಸರಿ, ತುರಿಕೆ ತಾನೇ ಅಂದುಕೊಂಡ. ಅಲ್ಲೇ ಅವನು ತಿರುಗಬೇಕಿತ್ತು. ಆಗಿನ್ನೂ ಪಕ್ಕದಲ್ಲಿ ಸರಿಯಲು ಅಂಗೈಯಗಲ ಜಾಗವಿತ್ತು.

ಇನ್ನೂ ಹತ್ತು ಮೆಟ್ಟಿಲು ಮೇಲೆ ಹೋದಾಗ, ತಾನು ಹೆಜ್ಜೆ ಇಡದಿದ್ದರೂ ಮುಂದಕ್ಕೆ ಹೋಗುತ್ತಿರುವುದು ಅವನಿಗೆ ಗೊತ್ತಾಯಿತು. ಕಾಲು ಅವನದು, ನಡಿಗೆ ಅವನದಲ್ಲ. ಆಗಲೇ ಇನ್ನೊಂದು ವಿಷಯವೂ ಅವನ ಗಮನಕ್ಕೆ ಬಂತು. ಮಾತು ನಿಂತಿತ್ತು. ಸಾವಿರ ಜನ, ಒಬ್ಬರೂ ಮಾತಾಡುತ್ತಿಲ್ಲ. ಮಾತಿಗೆ ಬೇಕಾದ ಉಸಿರನ್ನು ಎಲ್ಲರೂ ಉಳಿಸಿಕೊಳ್ಳುತ್ತಿದ್ದರು.

"ಅಪ್ಪ, ನಂಗೆ ಏನೂ ಕಾಣ್ತಿಲ್ಲ," ಅಂದಳು ಗುಂಡಿ. ಅವಳ ಎತ್ತರಕ್ಕೆ ಬರೀ ಬೆನ್ನುಗಳು, ಚೀಲಗಳು, ಬೆಲ್ಟುಗಳು.

"ಇನ್ನೇನು ಬಂತು ಪುಟ್ಟ."

ಮೇಲಿನಿಂದ ಒಂದು ಕಲ್ಲು ಉರುಳಿತು. ಮುಷ್ಟಿಯಷ್ಟೇ ಇತ್ತು. ಯಾರಿಗೂ ತಾಗಲೂ ಇಲ್ಲ. ಆದರೆ ಮೇಲಿದ್ದವರು ಹೆದರಿ ಹಿಂದಕ್ಕೆ ಸರಿದರು. ಒಬ್ಬ ಸರಿದದ್ದು ಹತ್ತು ಜನರನ್ನು ತಳ್ಳಿದ ಹಾಗಾಯಿತು, ಹತ್ತು ಜನ ಸರಿದದ್ದು ನೂರು ಜನರನ್ನು ನೂಕಿತು. ಇಡೀ ಸಂದಿಯೇ ಒಮ್ಮೆ ಅಲುಗಿದಂತೆ ಜನ ಎಡಕ್ಕೆ ವಾಲಿದರು, ಮತ್ತೆ ಬಲಕ್ಕೆ ವಾಲಿದರು. ಆ ವಾಲಾಟದಲ್ಲಿ ಗುಂಡಿ ಕಂಬಿಯ ಕೆಳಗಿಂದ ಆಚೆಗೆ, ಇಳಿಯುವವರ ಸಾಲಿಗೆ ಹೋಗಿಬಿಟ್ಟಳು.

ಪಟ್ಟಿಯ ಎರಡು ತುದಿಗಳು ಮಾತ್ರ ಈಚೆಗೇ ಉಳಿದವು. ನಡುವಿನದು ಕಂಬಿಯ ಕಂಬಕ್ಕೆ ಸುತ್ತಿಕೊಂಡು ಬಿಗಿಯಿತು.

ಟೈಲರನನ್ನು ಹಿಂದಿನವರು ಮೇಲಕ್ಕೆ ಒತ್ತುತ್ತಿದ್ದಾರೆ. ಆಚೆ ಗುಂಡಿಯನ್ನು ಇಳಿಯುವವರು ಕೆಳಕ್ಕೆ ಒತ್ತುತ್ತಿದ್ದಾರೆ. ಅವಳ ಬಲಗೈ ಕಂಬಕ್ಕೆ ಸಿಕ್ಕಿ ಮೇಲಕ್ಕೆ ಚಾಚಿದೆ, ಮೈ ಕೆಳಗೆ ಜಗ್ಗುತ್ತಿದೆ. ಗೂಟಕ್ಕೆ ನೇತುಹಾಕಿದ ಅಂಗಿಯ ಹಾಗೆ.

"ಅಪ್ಪ, ಕೈ," ಅಂದಳು. ಆಮೇಲೆ ಬಾಯಿ ತೆರೆದಿತ್ತು, ದನಿ ಬರಲಿಲ್ಲ.

ಟೈಲರ್ ಹಿಂದಕ್ಕೆ ತಳ್ಳಿದ. ಅವನ ತಳ್ಳು ಜನರೊಳಗೆ ಹೋಗಿ, ಎರಡರಷ್ಟಾಗಿ ಅವನ ಬೆನ್ನಿಗೇ ಬಂತು. ಹೊಲಿಗೆ ಹರಿಯಲು ಹಲ್ಲಿಗೆ ಕೈ ತರಬೇಕು. ಕೈ ಬರುತ್ತಿಲ್ಲ. ಜೀವಮಾನದಲ್ಲಿ ಮೊದಲ ಸಲ, ತನ್ನ ಹೊಲಿಗೆ ಕೆಟ್ಟದಾಗಿರಲಿ, ಬಿಟ್ಟುಹೋಗಲಿ ಅಂತ ಅವನು ಬೇಡಿಕೊಂಡ. ಅದು ಬಿಡಲಿಲ್ಲ. ಇಳಿಯುತ್ತಿದ್ದ ಮುದುಕರೊಬ್ಬರು ಬಿಗಿದ ಪಟ್ಟಿಗೆ ಎಡವಿ ಅದರ ಮೇಲೇ ಬಿದ್ದರು. ಅವರ ಭಾರವೆಲ್ಲ ಗುಂಡಿಯ ಕೈಮೇಲೆ ಬಂತು. ಅವಳ ಭುಜದ ಆಕಾರ ಬದಲಾದದ್ದನ್ನು ಟೈಲರ್ ಕಣ್ಣಾರೆ ಕಂಡ. ತೋಳು ಇರಬೇಕಾದ ಕಡೆ ಇರಲಿಲ್ಲ.

"ತಳ್ಳಬೇಡಿ," ಅಂತ ತಲೆಯ ಮೇಲಿಂದ ಒಂದು ದನಿ ಬಂತು. "ಎರಡೂ ಕೈ ಎದೆ ಮುಂದೆ ತನ್ನಿ. ಉಸಿರಿಗೆ ಜಾಗ ಮಾಡಿಕೊಳ್ಳಿ. ಕೆಳಗಿನವರೇ, ನಿಮ್ಮ ಹಿಂದಿನವರಿಗೆ ಹೇಳಿ, ಒಂದು ಮೆಟ್ಟಿಲು ಇಳೀರಿ ಅಂತ. ಒಂದೇ ಮೆಟ್ಟಿಲು."

ಹಗ್ಗದಕ್ಕ. ಬಂಡೆಯ ಅಂಚಿನಿಂದ ಹಗ್ಗದಲ್ಲಿ ಜೋತುಬಿದ್ದು ಇಳಿಯುತ್ತಿದ್ದಳು. ಮಾತು ಬಾಯಿಂದ ಬಾಯಿಗೆ ಕೆಳಗೆ ಹೋಯಿತು. "ಒಂದು ಮೆಟ್ಟಿಲು. ಒಂದು ಮೆಟ್ಟಿಲಂತೆ. ಇಳೀರಪ್ಪ." ಅವಳು ಕಂಬದ ಹತ್ತಿರ ಬಂದು, ಒಂದು ಕೈಯಲ್ಲಿ ಗುಂಡಿಯ ಸೊಂಟ ಹಿಡಿದು, ಇನ್ನೊಂದರಲ್ಲಿ ಚಾಕು ತೆಗೆದಳು.

"ಟೈಲರಣ್ಣ, ಇಲ್ಲಿ ಕೇಳಿ. ಪಟ್ಟಿ ಕತ್ತರಿಸ್ತೀನಿ. ಕತ್ತರಿಸಿದ ಮೇಲೆ ಮಗು ನಿಮ್ಮ ಹತ್ತಿರ ಬರಲ್ಲ. ಜನರ ತಲೆ ಮೇಲೆ ಕೈಯಿಂದ ಕೈಗೆ ದಾಟಿಸಿ ಕೆಳಗೆ ಕಳಿಸಬೇಕು. ಹೂಂ ಅನ್ನಿ."

ಟೈಲರಿಗೆ ಹೂಂ ಅನ್ನಲಾಗಲಿಲ್ಲ. ಈ ಜನರ ಕೈಗೆ ಮಗಳನ್ನು ಬಿಟ್ಟರೆ ಮತ್ತೆ ಸಿಗುತ್ತಾಳೆಯೇ? ಬಿಡದಿದ್ದರೆ?

ಪಟ್ಟಿಯ ಇನ್ನೊಂದು ತುದಿಯಿಂದ, ಜನರ ಮರೆಯೊಳಗಿಂದ, ಹೆಂಡತಿಯ ದನಿ ಕೇಳಿಸಿತು. "ಕತ್ತರಿಸಮ್ಮ."

ಗುಂಡಿಯ ಕೈಯ ಎರಡೂ ಕಡೆ ಪಟ್ಟಿ ತುಂಡಾಯಿತು. ಗುಂಡಿ ಮೇಲೆದ್ದಳು. ಗುರುತಿಲ್ಲದ ಕೈಗಳು ಅವಳನ್ನು ಹಿಡಿದವು, ಬಿಟ್ಟವು, ಹಿಡಿದವು. ಅವಳ ಒಂದು ಬೂಟು ಸ್ವಲ್ಪ ಹೊತ್ತು ತಲೆಗಳ ಮೇಲೆ ಕಾಣಿಸಿತು. ಆಮೇಲೆ ಅದೂ ಕಾಣಲಿಲ್ಲ.

ಸಂದಿ ಸಡಿಲವಾಗಲು ನಲವತ್ತು ನಿಮಿಷ ಬೇಕಾಯಿತು. ಆ ನಲವತ್ತು ನಿಮಿಷ ಟೈಲರಿಗೆ ಮಗಳು ಇದ್ದಾಳೋ ಇಲ್ಲವೋ ಗೊತ್ತಿಲ್ಲ, ಹೆಂಡತಿ ನಿಂತಿದ್ದಾಳೋ ಬಿದ್ದಿದ್ದಾಳೋ ಗೊತ್ತಿಲ್ಲ. ರಜೆ ಅಂತ ಬಂದವನು ಸಜೆ ಅನುಭವಿಸುತ್ತ, ಮುಂದಿನವನ ಅಂಗಿಯ ಕಾಲರನ್ನೇ ನೋಡುತ್ತ ನಿಂತಿದ್ದ.

ಕೆಳಗೆ ಬಂದಾಗ ಹೆಂಡತಿ ಮೆಟ್ಟಿಲ ಬುಡದಲ್ಲಿ ಸಿಕ್ಕಳು. ರವಿಕೆಯ ತೋಳು ಹರಿದಿತ್ತು, ಮಣಿಕಟ್ಟಿನಲ್ಲಿ ಪಟ್ಟಿಯ ತುಂಡು ನೇತಾಡುತ್ತಿತ್ತು. ಅವಳು ರಸ್ತೆಯ ಕಡೆ ಬೆರಳು ತೋರಿಸಿದಳು. ಇಬ್ಬರೂ ಓಡಿದರು.

ಸ್ಟ್ರೆಚರ್ ಅರ್ಧ ದಾರಿಯಲ್ಲಿ ನಿಂತಿತ್ತು. ಗುಂಡಿ ಅದರ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿದ್ದಳು, ಅಳುತ್ತಿರಲಿಲ್ಲ. ಆಂಬುಲೆನ್ಸ್ ಅಷ್ಟು ದೂರದಲ್ಲಿ ಕೆಂಪು ದೀಪ ತಿರುಗಿಸುತ್ತ ನಿಂತಿದೆ, ಮುಂದೆ ಬರಲು ದಾರಿಯಿಲ್ಲ. ನಾಲ್ಕು ಜನ ದಾರಿಗೆ ಅಡ್ಡವಿದ್ದ ಗಾಡಿಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಡುತ್ತಿದ್ದರು.

"ಇದ್ಯಾವನೋ ಕಾರಿಗೆ ಅಂಟಿಸಿ ನಿಲ್ಲಿಸಿದ್ದಾನೆ ನೋಡು," ಅಂದ ಒಬ್ಬ, ಒಂದು ಸ್ಕೂಟರಿನ ಹಿಂಬದಿ ಹಿಡಿದು.

ಟೈಲರ್ ಹೋಗಿ ಅದರ ಮುಂಭಾಗ ಹಿಡಿದ. ತನ್ನದೇ ಗಾಡಿಯನ್ನು ಎತ್ತಿ ಪಕ್ಕಕ್ಕಿಟ್ಟ.

ಆಸ್ಪತ್ರೆಯಲ್ಲಿ ಭುಜ ಕೂರಿಸಿದರು. "ಇನ್ನೂ ಹತ್ತು ನಿಮಿಷ ಆ ಕೈ ಹಾಗೇ ಜಗ್ಗಿದ್ದರೆ ನರ ಹೋಗುತ್ತಿತ್ತು," ಅಂದರು ವೈದ್ಯೆ. "ಎದೆ ಒತ್ತಿದ್ದರೆ ನಾವು ಈ ಮಾತೇ ಆಡುತ್ತಿರಲಿಲ್ಲ."

ಕೈ ವಾಸಿಯಾಯಿತು. ಆದರೆ ಶಾಲೆಯ ಹೊಸ ಅಂಗಿ ಹೊಲಿಯಲು ಟೈಲರ್ ಅಳತೆಯ ಟೇಪು ಹಿಡಿದು ಹತ್ತಿರ ಹೋದರೆ, ಗುಂಡಿ ಎರಡೂ ಕೈ ಬೆನ್ನ ಹಿಂದೆ ಅಡಗಿಸುತ್ತಾಳೆ. ಅವನೀಗ ಮಗಳ ಅಂಗಿಯನ್ನು ಕಣ್ಣಂದಾಜಿನಲ್ಲಿ ಹೊಲಿಯುತ್ತಾನೆ.

ಮೂರು ತಿಂಗಳಾದ ಮೇಲೆ ಗುಂಡಿಯೇ ಒಂದು ದಿನ ಕೇಳಿದಳು. "ಹಗ್ಗದಕ್ಕ ಹೇಳಿದ ದಿನ ಹೋದರೆ ಜನ ಇರಲ್ವಾ?"

ಟೈಲರ್ ಒಂದು ರಟ್ಟಿನ ಮೇಲೆ ಬರೆದು ಬಾಗಿಲಿಗೆ ತೂಗುಹಾಕಿದ. 'ಮಂಗಳವಾರ ರಜೆ.' ಗಿರಾಕಿಗಳು ಒಂದು ವಾರ ಗೊಣಗಿದರು, ಎರಡನೇ ವಾರ ಬುಧವಾರ ಬಂದರು.

ಮಂಗಳವಾರ ಬೆಳಗ್ಗೆ ಸ್ಕೂಟರನ್ನು ನಿಲುಗಡೆಯ ಗೆರೆಯೊಳಗೇ ನಿಲ್ಲಿಸಿದರು. ಗುಂಡಿಯ ಜೇಬಿನಲ್ಲಿ ಫೋನ್ ನಂಬರಿನ ಚೀಟಿ. ಕೈ ತಪ್ಪಿದರೆ ಎಲ್ಲಿ ಸೇರಬೇಕು ಅನ್ನುವುದೂ ಕೆಳಗೇ ತೀರ್ಮಾನವಾಗಿತ್ತು. ಹಗ್ಗದಕ್ಕ ಜೊತೆಗಿದ್ದಳು. ಬೆಟ್ಟದಲ್ಲಿ ಇನ್ನೊಂದು ಹತ್ತು ಜನ ಇದ್ದರೇನೋ. ಆದರೂ ಸಂದಿಯ ಬಾಯಿಗೆ ಬಂದಾಗ ಗುಂಡಿಯ ಕಾಲು ಏಳಲಿಲ್ಲ.

"ವಾಪಸ್ ಹೋಗೋಣವಾ?" ಅಂದ ಟೈಲರ್.

"ಬೇಕಾದರೆ ಹೋಗೋಣ," ಅಂದಳು ಹಗ್ಗದಕ್ಕ. "ತಿರುಗಿ ಇಳಿಯೋದು ಸೋಲಲ್ಲ. ನಾನು ಎಷ್ಟೋ ಸಲ ಇಳಿದಿದ್ದೀನಿ."

ಗುಂಡಿ ಕೇಳಿದಳು, "ಅಪ್ಪ, ಹಿಂದೆ ಯಾರಾದ್ರೂ ಬರ್ತಿದ್ದಾರಾ?"

"ಇಲ್ಲ ಪುಟ್ಟ."

"ಇಳಿದು ಹೋಗಿ ನೋಡ್ಕೊಂಡು ಬಾ."

ಅವನು ತಿರುವಿನವರೆಗೆ ಇಪ್ಪತ್ತು ಮೆಟ್ಟಿಲು ಇಳಿದು ನೋಡಿ ಬಂದ. ಯಾರೂ ಇರಲಿಲ್ಲ. ಇನ್ನೊಂದು ಸಲ ಅಂದಳು. ಮತ್ತೆ ಇಳಿದ, ಮತ್ತೆ ಹತ್ತಿದ. ಮೂರನೇ ಸಲ ಏದುಸಿರು ಬಿಡುತ್ತ ಬಂದಾಗ ಹೆಂಡತಿ, "ನಿಮ್ಮಪ್ಪ ಬೆಟ್ಟವನ್ನು ಮೂರು ಸಲ ಹತ್ತಿದ ಲೆಕ್ಕ ಆಯ್ತು ಕಣೇ, ಸಾಕು ಬಿಡು," ಅಂದಳು.

ಗುಂಡಿ ಎರಡೂ ಕೈ ಎದೆಯ ಮುಂದೆ ಮಡಿಸಿಕೊಂಡು ಸಂದಿಯೊಳಗೆ ಹೆಜ್ಜೆಯಿಟ್ಟಳು. ಯಾರೂ ಅವಳನ್ನು ತಳ್ಳಲಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಬೆಟ್ಟ ನೋಡುವ ಆಸೆಯ ಮಗು ಇರಬಹುದು. ಕರೆದುಕೊಂಡು ಹೋಗಿ, ಆದರೆ ಸಾಲು ರಜೆಯ ದಿನ ಬೇಡ. ವಾರದ ನಡುವೆ ಒಂದು ದಿನ ಬಿಡುವು ಮಾಡಿಕೊಂಡು ಬೆಳಗ್ಗೆ ಬೇಗ ಹೊರಡಿ. ಹೊರಡುವ ಮುಂಚೆ ಬೆಟ್ಟದ ಕಚೇರಿಗೆ ಫೋನ್ ಮಾಡಿ ಜನ ಎಷ್ಟಿದ್ದಾರೆ ಅಂತ ಕೇಳಿ. ಗಾಡಿಯನ್ನು ದಾರಿಯಲ್ಲಿ ಬಿಡಬೇಡಿ, ಯಾರದೋ ಮಗುವಿನ ಆಂಬುಲೆನ್ಸ್ ಅದೇ ದಾರಿಯಲ್ಲಿ ಬರಬೇಕು. ಮಕ್ಕಳ ಕೈ ಹಿಡಿಯಿರಿ, ಕಟ್ಟಬೇಡಿ. ಹತ್ತುವಾಗ ನಿಮ್ಮ ಕೈ ನಿಮ್ಮ ಮೂಗಿಗೆ ಎಟುಕುತ್ತಿಲ್ಲ ಅಂದರೆ ಇನ್ನೊಂದು ಹೆಜ್ಜೆಯೂ ಮುಂದೆ ಬೇಡ. ಪಕ್ಕಕ್ಕೆ ಓರೆಯಾಗಿ ಸರಿದು, ಜಾಗ ಸಿಕ್ಕ ಕಡೆಯಿಂದ ಇಳಿದುಬಿಡಿ. ಸಿಕ್ಕಿಹಾಕಿಕೊಂಡರೆ ಎದುರು ತಳ್ಳಬೇಡಿ, ಎದೆಗೆ ಕೈ ಅಡ್ಡ ಹಿಡಿದು ಉಸಿರು ಕಾಪಾಡಿಕೊಳ್ಳಿ.

ಬೆಟ್ಟ ಮಂಗಳವಾರವೂ ಅಲ್ಲೇ ಇರುತ್ತದೆ. ಹಿಂದೆ ತಿರುಗಿ ನೋಡಿದರೆ ಮೆಟ್ಟಿಲು ಕಾಣುವ ದಿನ ನೋಡಿ ಹತ್ತಿ.